ವಾರಗಿತ್ತಿಯ ಬರಿಗೋಡೆ

ನಮ್ಮತ್ತೆ ಮೂರು ತಿಂಗಳು ಅರಸೀಕೆರೆಯಲ್ಲಿ ನಮ್ಮ ಜೊತೆ, ಮೂರು ತಿಂಗಳು ಬೇಲೂರಿನಲ್ಲಿ ಕಿರಿಮಗನ ಜೊತೆ ಇರುವುದು ವಾಡಿಕೆ. ಈ ಸಲ ನಮ್ಮ ಸರದಿ ಬಂದರೂ ಹೊರಡಲಿಲ್ಲ. "ಇಲ್ಲೇ ಇದ್ಬುಡ್ತೀನಿ ಕಣವ್ವ" ಎಂದು ಫೋನಿನಲ್ಲಿ ಹೇಳಿಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಹಿರಿಸೊಸೆ ನಾನು! ನನ್ನ ಮನೆಯಲ್ಲಿ ಏನು ಕಮ್ಮಿ?

ಹಾಲಿನ ಒಂದು ಗೋಡೆಗೆ ಉದ್ದಕ್ಕೂ ಗಾಜಿನ ಷೋಕೇಸು ಮಾಡಿಸಿದ್ದೆ, ಅದರ ತುಂಬ ಗೊಂಬೆ, ಹಳೇಬೀಡಿನಿಂದ ತಂದ ಹತ್ತು ಕಲ್ಲಿನ ಆನೆ. ಎದುರಿಗೆ ಸೋಫಾ, ನಡುವೆ ಟೀಪಾಯಿ, ಮೂಲೆಮೂಲೆಗೂ ಹೂದಾನಿ. ಆದರೂ ನೆಂಟರೆಲ್ಲ ಹೊಗಳುತ್ತಿದ್ದದ್ದು ವಾರಗಿತ್ತಿಯ ಹಾಲನ್ನೇ.

ಅತ್ತೆಯನ್ನು ಕರೆತರಲು ನಾನೇ ಬಸ್ಸು ಹತ್ತಿ ಬೇಲೂರಿಗೆ ಹೋದೆ. ಆ ಹಾಲಿನಲ್ಲಿ ಇದ್ದದ್ದೇನು? ಸುಣ್ಣ ಬಳಿದ ಬರಿಗೋಡೆ, ಒಂದು ಬೆಂಚು, ಒಂದು ಕಡೆ ಕೆತ್ತನೆಯ ಹಳೇ ಮರದ ಪೆಟ್ಟಿಗೆ.

"ಏನ್ ಕಣೇ, ಸಾಮಾನು ಇನ್ನೂ ಬಂದಿಲ್ವಾ?" ಎಂದು ಕುಟುಕಿದೆ.

"ಇಷ್ಟೇ ಅಕ್ಕ" ಎಂದು ನಕ್ಕಳು.

ಹಾಳಾದ್ದು, ಕಣ್ಣು ಮಾತ್ರ ಆ ಪೆಟ್ಟಿಗೆಯನ್ನು ಬಿಟ್ಟು ಕದಲಲಿಲ್ಲ. ಅದರ ಒಂದೊಂದು ಬಳ್ಳಿಯೂ ಎದ್ದು ಕಾಣುತ್ತಿತ್ತು. ನನ್ನ ಹತ್ತು ಆನೆಗಳನ್ನು ಯಾರೂ ಹೀಗೆ ನೋಡಿದ್ದಿಲ್ಲ.

ಅಷ್ಟರಲ್ಲಿ ಅತ್ತೆ ಕೋಣೆಯಿಂದ ಬಂದರು. ಅಂಗೈಯನ್ನು ಗೋಡೆಗೆ ಒತ್ತಿ, ಸವರಿಕೊಂಡು, ಸರಸರನೆ ನಡೆದರು. ಎದುರಿಗೆ ಹೋಗಿ ನಿಂತೆ.

"ಯಾರವ್ವ?" ಎಂದರು.

ವಾರಗಿತ್ತಿ ಮೆಲ್ಲಗೆ ಹೇಳಿದಳು: "ಅತ್ತೆಗೆ ಕಣ್ಣು ಮಂಜಾಗಿ ವರ್ಷ ಆಯ್ತಲ್ಲ ಅಕ್ಕ. ಡಾಕ್ಟ್ರೂ ಇನ್ನು ಸರಿಹೋಗಲ್ಲ ಅಂದ್ರು. ಗೋಡೆ ಹಿಡ್ಕಂಡು ಓಡಾಡ್ಲಿ ಅಂತ ಎಲ್ಲಾ ತೆಗೆಸ್ಬಿಟ್ಟೆ."

ವರ್ಷ! ಅದರಲ್ಲಿ ಆರು ತಿಂಗಳು ಅವರು ನನ್ನ ಮನೆಯಲ್ಲಿದ್ದರು. ಸೋಫಾ ಬಿಟ್ಟು ಏಳುತ್ತಿರಲಿಲ್ಲ. ಸುಖವಾಗಿದ್ದಾರೆ ಅಂದುಕೊಂಡಿದ್ದೆ. ಈಗ ಹಾಲಿನ ಮೇಲಿನ ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ ಕಾಣೆ, ಅವಳಿಗೆ ಹೇಳಿದ್ದನ್ನು ನನಗೆ ಹೇಳಲಿಲ್ಲವಲ್ಲ ಎಂಬುದೇ ಸುಡತೊಡಗಿತು.

"ನಾನೇನು ಪಾಪ ಮಾಡಿದ್ದೆ ಅತ್ತೆ? ನನಗ್ಯಾಕೆ ಹೇಳ್ಲಿಲ್ಲ?" ಎಂದು ಅತ್ತೇಬಿಟ್ಟೆ.

ಅತ್ತೆ ತಡಕಾಡಿ ನನ್ನ ಕೈ ಹಿಡಿದುಕೊಂಡರು.

"ನೀನು ಅಷ್ಟು ಆಸೆಯಿಂದ ಒಂದೊಂದ್ನೂ ತೋರಿಸ್ತಿದ್ದೆ ಕಣವ್ವ. ಕಾಣಾಕಿಲ್ಲ ಅಂತ ಹೆಂಗೆ ಹೇಳಾದು?"