ಪಕ್ಕದೂರಿನ ಅಧ್ಯಕ್ಷರ ಸ್ನೇಹ

ಕೊಡಿಗೇನಹಳ್ಳಿಯಿಂದ ಎರಡು ಊರು ಆಚೆ ನಮ್ಮೂರು. ನಮ್ಮೂರಿನ ಮಹಿಳಾ ಹಾಲಿನ ಡೈರಿಗೆ ನಾನು ಐದು ವರ್ಷ ಅಧ್ಯಕ್ಷೆಯಾಗಿದ್ದೆ. ಚುನಾವಣೆಯಲ್ಲಿ ಗೆದ್ದು ಆಗಿದ್ದು. ನನ್ನ ವಿರುದ್ಧ ನಿಂತವಳು ನನ್ನ ಓರಗಿತ್ತಿಯೇ. ಸೋತ ಮಾರನೇ ಬೆಳಿಗ್ಗೆ ಅವಳು ಎಂದಿನಂತೆ ಕ್ಯಾನು ತಂದು, ಹಾಲು ಹಾಕಿ, ಅಳತೆ ಸರಿಯಿಲ್ಲ ಅಂತ ನನ್ನ ಜೊತೆ ಜಗಳವಾಡಿ ಹೋದಳು. ನಮ್ಮೂರಲ್ಲಿ ಅದು ದೊಡ್ಡ ಸಂಗತಿಯೇನಲ್ಲ.

ಪಕ್ಕದೂರಿನ ಡೈರಿಯಲ್ಲಿ ಹಾಗಲ್ಲ. ಅಲ್ಲಿ ಮೂರು ಅವಧಿಯಿಂದ ಒಬ್ಬರೇ ಅಧ್ಯಕ್ಷರು. ಪ್ರತಿ ಸಲವೂ ಅವಿರೋಧ ಆಯ್ಕೆ. ಕೊನೆಯ ಸಲ ಮೂರು ಹಸು ಕಟ್ಟಿದ್ದ ಹೆಂಗಸೊಬ್ಬಳು ಧೈರ್ಯ ಮಾಡಿ ನಾಮಪತ್ರ ಹಾಕಿದ್ದಳು. ಸಹಿ ಹೊಂದುವುದಿಲ್ಲ ಅಂತ ಅದನ್ನು ತಿರಸ್ಕರಿಸಿದರು. ಆಮೇಲೆ ಅವಳ ಹಾಲನ್ನೂ ತಿರಸ್ಕರಿಸತೊಡಗಿದರು. ದಿನಾ ಬೆಳಿಗ್ಗೆ ಡೈರಿಯವನು ಡಿಗ್ರಿ ನೋಡುವ ಕಡ್ಡಿಯನ್ನು ಅವಳ ಹಾಲಿಗೆ ಅದ್ದಿ, ಸರಿಯಾಗಿ ನೋಡದೆಯೇ, "ನೀರು ಬೆರೆಸಿದ್ದೀಯ, ತಗೊಂಡೋಗು" ಅನ್ನುತ್ತಿದ್ದ. ಕ್ಯೂನಲ್ಲಿ ನಿಂತವರು ನೆಲ ನೋಡುತ್ತಿದ್ದರಂತೆ.

ಇದೆಲ್ಲ ನನಗೆ ಆಗಲೇ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಅಂತ ಹೇಳಿಕೊಳ್ಳಲು ದಾರಿಯಿಲ್ಲ.

ನಮ್ಮ ಡೈರಿಯಲ್ಲಿ ಹಾಲು ತಣ್ಣಗಿಡುವ ಯಂತ್ರವಿರಲಿಲ್ಲ. ಬೇಸಿಗೆಯಲ್ಲಿ ಹಾಲಿನ ಲಾರಿ ತಡವಾದರೆ ಕ್ಯಾನುಗಟ್ಟಲೆ ಒಡೆದುಹೋಗುತ್ತಿತ್ತು. ಯಂತ್ರವಿದ್ದದ್ದು ಪಕ್ಕದೂರಲ್ಲಿ. ಕೇಳೋಣ ಅಂತ ಒಂದು ದಿನ ಅಧ್ಯಕ್ಷರ ಮನೆಗೆ ಹೋದೆ. ಅವರು ಜಗಲಿಯವರೆಗೆ ಎದ್ದು ಬಂದರು.

"ಬಾ ತಂಗಿ. ನಿಮ್ಮೂರ ಹಾಲು ಬ್ಯಾರೆನಾ, ನಮ್ಮೂರ ಹಾಲು ಬ್ಯಾರೆನಾ? ನಾಳೆಯಿಂದ್ಲೇ ಕಳಿಸ್ಬುಡು."

ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕೆಲಸವಾಗಿತ್ತು. ನಾನು ಅಷ್ಟಕ್ಕೇ ಎದ್ದು ಬರಬಹುದಿತ್ತು. ಆದರೆ ಮಧುಗಿರಿಯಲ್ಲಿ ನಡೆಯುವ ಡೈರಿಗಳ ಮೀಟಿಂಗಿಗೆ ಅವರ ಕಾರಿನಲ್ಲಿ ಹೋಗತೊಡಗಿದೆ. ಗೌರಿ ಹಬ್ಬಕ್ಕೆ ಅವರ ಮನೆಯಿಂದ ಸೀರೆ ಬಂತು, ಉಟ್ಟುಕೊಂಡೆ. ಬಾಯಲ್ಲಿ "ಅಣ್ಣ" ಅಂತ ಬಂದುಬಿಟ್ಟಿತು. ಯಾರಾದರೂ ಅವರ ದರ್ಬಾರಿನ ಮಾತೆತ್ತಿದರೆ, "ಒರಟು ಮನುಷ್ಯ ನಿಜ, ಆದರೆ ಕೆಲಸಗಾರ" ಅನ್ನುತ್ತಿದ್ದೆ.

ಒಂದು ಸಂಜೆ ಟಿವಿಯಲ್ಲಿ ಸುದ್ದಿ ಬರುತ್ತಿತ್ತು. ಯಾವುದೋ ದೇಶದಲ್ಲಿ ಜನ ಓಟು ಹಾಕಿ ಗೆಲ್ಲಿಸಿದ ನಾಯಕನೊಬ್ಬ, ಎದುರು ಮಾತಾಡಿದವರನ್ನೆಲ್ಲ ಜೈಲಿಗೆ ತಳ್ಳಿದ ಇನ್ನೊಂದು ದೇಶದ ದೊರೆಯನ್ನು ತಬ್ಬಿಕೊಂಡು ನಗುತ್ತಿದ್ದ. ನಮ್ಮ ಮಾವ, ನನ್ನ ಗಂಡನ ತಂದೆ, ಕೂತಲ್ಲೇ "ಥೂ" ಅಂದರು.

"ದೇಶ ನಡೆಸೋರು ಎಲ್ಲರ ಜೊತೆ ಚೆನ್ನಾಗಿರಬೇಕಲ್ವಾ ಮಾವ?" ಅಂದೆ.

"ಮಾತಾಡ್ಲಿ ಕಣಮ್ಮ, ವ್ಯಾಪಾರಾನೂ ಮಾಡ್ಲಿ. ಬ್ಯಾಡ ಅಂದೋರ್ಯಾರು? ಇಂಗೆ ತಬ್ಕೊಂಡು ಹಲ್ಲು ಕಿಸಿಯೋದ್ಯಾಕೆ? ಅವನ ಜೈಲಲ್ಲಿ ಕೂತಿರೋನು ಇದನ್ನ ನೋಡಿದ್ರೆ ಹೆಂಗಾಗ್ತದೆ?"

ಮುದುಕರ ಮಾತು ಅಂತ ಎದ್ದು ಅಡಿಗೆಮನೆಗೆ ಹೋದೆ.

ಮುಂದಿನ ತಿಂಗಳು ಪಕ್ಕದೂರಿನ ಅಧ್ಯಕ್ಷರಿಗೆ ಸನ್ಮಾನವಿತ್ತು. ಶಾಲು ಹೊದಿಸುವ ಗೌರವ ನನ್ನದು. ಹೊದಿಸಿದೆ. ಮೈಕು ಕೈಗೆ ಕೊಟ್ಟರು. "ಇಂಥ ನಾಯಕರು ಊರಿಗೊಬ್ಬರಿರಬೇಕು" ಅಂದೆ. ಅದು ನನ್ನದೇ ಮಾತು, ಯಾರೂ ಬರೆದುಕೊಟ್ಟದ್ದಲ್ಲ. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ನಾಮಪತ್ರ ಹಾಕಿದ್ದ ಆ ಹೆಂಗಸು ನಿಂತಿದ್ದಳು. ನಾನು ಅವಳನ್ನು ನೋಡಿ, ನೋಡದವಳಂತೆ ನಗುತ್ತಲೇ ಇದ್ದೆ. ವಾರದೊಳಗೆ ನಾವಿಬ್ಬರೂ ನಗುತ್ತಿರುವ ಫ್ಲೆಕ್ಸ್ ಅವರೂರ ಬಸ್ ಸ್ಟಾಪಿನಲ್ಲಿ ನಿಂತಿತು.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ಅವಳು ಕ್ಯಾನು ಹೊತ್ತು ನಮ್ಮ ಡೈರಿಗೇ ಬಂದಳು. ನಡೆದೇ ಬಂದಿದ್ದಳು.

"ಅಕ್ಕ, ನೀವೇ ಡಿಗ್ರಿ ನೋಡಿ. ನೀರಿದ್ರೆ ನನ್ನ ಮಕಕ್ಕೆ ಉಗೀರಿ" ಅಂದಳು.

ನೋಡಿದೆವು. ನಮ್ಮೂರ ಹಾಲಿಗಿಂತ ಗಟ್ಟಿಯಾಗಿತ್ತು. ಅವಳ ಹೆಸರು ಬರೆಯಲು ಪುಸ್ತಕ ತೆಗೆಯುವಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು.

"ತಂಗೀ, ಅವ್ಳು ಅಲ್ಲಿಗೆ ಬಂದವ್ಳಂತೆ?"

"ಹೂಂ ಅಣ್ಣ."

"ಏನಿಲ್ಲ, ನಾವು ನಾವು ಒಂದು ಅಂತ ಕೇಳ್ದೆ, ಅಷ್ಟೆಯ."

ಗದರಲಿಲ್ಲ, ಬೆದರಿಸಲೂ ಇಲ್ಲ. ನಾನು ಫೋನಿಟ್ಟು ಅವಳಿಗೆ, ಬೇರೆ ಊರಿನವರ ಹಾಲು ತೆಗೆದುಕೊಳ್ಳಲು ನಿಯಮವಿಲ್ಲ ಅಂದೆ. ನಮ್ಮೂರ ಗಡಿಯಾಚೆಯ ನಾಲ್ಕು ಮನೆಯ ಹಾಲನ್ನು ನಾವು ಮೊದಲಿಂದಲೂ ತೆಗೆದುಕೊಳ್ಳುತ್ತಿದ್ದೆವು. ಅದು ಅವಳಿಗೂ ಗೊತ್ತಿತ್ತು.

ಅವಳು ಜಗಳವಾಡಲಿಲ್ಲ. ಕ್ಯಾನಿನ ಮುಚ್ಚಳ ಒತ್ತಿ ಹಾಕಿದಳು.

"ಅವತ್ತು ನೀವು ಮೈಕಲ್ಲಿ ಹೇಳಿದ್ದು ಕೇಳ್ದೆ ಕಣಕ್ಕ. ನೀವು ಓಟಲ್ಲಿ ಗೆದ್ದೋರು. ನೀವೇ ಅಂಗಂದ್ರೆ, ನಾನು ನಾಮಪತ್ರ ಹಾಕಿದ್ದೇ ತಪ್ಪೇನೋ ಅನ್ನಿಸ್ಬುಡ್ತು."

ಅವಳು ಹೋದ ಮೇಲೆ ಪುಸ್ತಕ ಮುಚ್ಚಿಟ್ಟೆ. ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕೂತೆ. ಆ ಮನುಷ್ಯನ ಮೇಲೆ ಹೇಸಿಗೆಯಾಗಿದ್ದರೆ ಸಹಿಸಬಹುದಿತ್ತು. ಆದದ್ದು ನನ್ನ ಮೇಲೆ, "ಅಣ್ಣ" ಅಂದ ನನ್ನ ನಾಲಿಗೆಯ ಮೇಲೆ. ಅವರ ಹತ್ತಿರ ಹೊಡೆಯುವವರಿದ್ದರು, ಹೆದರಿಸುವವರಿದ್ದರು. ಇಲ್ಲದಿದ್ದದ್ದು ಒಂದೇ, ಓಟಿನಲ್ಲಿ ಗೆದ್ದವರ ಬಾಯಿಂದ ಒಳ್ಳೆಯವರು ಅನ್ನಿಸಿಕೊಳ್ಳುವುದು. ಅದನ್ನು ನಾನು ಕೊಟ್ಟು ಬಂದಿದ್ದೆ.

ನಾಲ್ಕು ದಿನ ಒಳಗೊಳಗೇ ಒದ್ದಾಡಿ ಕಮಿಟಿ ಕರೆದೆ. ನಡೆದದ್ದನ್ನೆಲ್ಲ ಹೇಳಿದೆ. ಕಮಿಟಿಯಲ್ಲಿದ್ದ ಓರಗಿತ್ತಿ ಬೈದಳು, ಬೈಯಲಿ ಅಂತಲೇ ಕೂತಿದ್ದೆ. ಆಮೇಲೆ ಅವಳೇ, "ಯಂತ್ರ ಕೊಡ್ದಿದ್ರೆ ಬ್ಯಾಡ ಬುಡು, ಅವಳ ಹಾಲು ಇಸ್ಕೊಳ್ಳಾನ" ಅಂದಳು. ಎಲ್ಲರೂ ಸಹಿ ಹಾಕಿದರು. ಪಕ್ಕದೂರಿನವರಿಗೆ ಫೋನು ಮಾಡಿ ನಾನೇ ತಿಳಿಸಿದೆ, "ಅಧ್ಯಕ್ಷರೇ" ಅಂತಲೇ ಕರೆದು. ಅವರು ಫೋನಿಟ್ಟರು.

ನಾಳೆಯಿಂದ ನಮ್ಮ ಕ್ಯಾನುಗಳು ವಾಪಸ್ ಬರುತ್ತವೆ ಅಂದುಕೊಂಡಿದ್ದೆ. ಬರಲಿಲ್ಲ. ಅವರ ಯಂತ್ರ ತುಂಬಬೇಕಾದರೆ ನಮ್ಮ ಹಾಲೂ ಬೇಕಿತ್ತು. ಕಾರು, ಸೀರೆ, ಶಾಲು, ಭಾಷಣ ಯಾವುದೂ ಇಲ್ಲದೆಯೂ ನಮ್ಮ ಹಾಲು ತಣ್ಣಗಿರುತ್ತಿತ್ತು. ಇದು ತಿಳಿದ ದಿನ ಇನ್ನಷ್ಟು ಅಸಹ್ಯವಾಯಿತು.

ಹಾಲು ತರಬಹುದು ಅಂತ ಹೇಳಲು ಆ ಹೆಂಗಸಿನ ಮನೆಗೆ ಹೋದಾಗ ಕೊಟ್ಟಿಗೆಯಲ್ಲಿ ಒಂದೇ ಹಸು ಇತ್ತು. ಇನ್ನೆರಡನ್ನು ಹಿಂದಿನ ವಾರವೇ ಮಾರಿದ್ದಳು. ನಾನು ತಪ್ಪಾಯಿತು ಅಂದೆ. ಅವಳು ಕುಡಿಯಲು ನೀರು ಕೊಟ್ಟಳು. ಈಗ ದಿನಾ ಆ ಒಂದು ಹಸುವಿನ ಹಾಲನ್ನು ನಮ್ಮ ಡೈರಿಗೆ ತರುತ್ತಾಳೆ. ಓರಗಿತ್ತಿಯ ಜೊತೆ ಕಷ್ಟಸುಖ ಮಾತಾಡುತ್ತಾಳೆ, ಚೀಟಿ ಇಸಿದುಕೊಂಡು ಹೊರಡುತ್ತಾಳೆ. ನನ್ನನ್ನು ಅಕ್ಕ ಅಂದು ಕರೆದು ಎರಡು ವರ್ಷವಾಯಿತು.