ಹಿಡಿಕೆಯ ಮೇಲಿನ ಎಡಗೈ

ನಮ್ಮ ಯಜಮಾನರು ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. ನಿವೃತ್ತಿಯಾದ ಮೇಲೆ ದೊಡವಾಡದ ಮನೆಯ ಮುಂದೆ ಮೈದಾನದ ಹಾಗೆ ಹುಲ್ಲು ಬೆಳೆಸುವ ಹುಚ್ಚು ಹಿಡಿಯಿತು. ಮನೆಗೊಂದು ಎಮ್ಮೆ ಇರುವ ಊರಿನಲ್ಲಿ ಪೆಟ್ರೋಲ್ ಸುಟ್ಟು ಹುಲ್ಲು ಕತ್ತರಿಸುವುದೆಂದರೆ! ನಾನು ಬೈಯದ ದಿನವಿಲ್ಲ.

“ನಿಮ್ಮ ಹುಲ್ಲಿಗಿಷ್ಟು ಬೆಂಕಿ ಹಚ್ರಿ, ಇಲ್ಲಾ ಯಾರದರ ಎಮ್ಮಿ ಬಿಡ್ರಿ,” ಎಂದರೆ, “ನೀ ಬೈದಷ್ಟೂ ಹಸರ ಆಗಾಕ ಹತ್ತೇತಿ ನೋಡು,” ಎಂದು ನಗುತ್ತಿದ್ದರು.

ಹುಲ್ಲು ಕತ್ತರಿಸಲು ತಳ್ಳಿಕೊಂಡು ಹೋಗುವ ಆ ಮಷೀನಿನ ಹಿಡಿಕೆಗೆ ಹೊಂದಿಕೊಂಡು ಒಂದು ಸರಳಿದೆ. ಎಡಗೈಯಿಂದ ಹಿಡಿಕೆ, ಸರಳು ಎರಡನ್ನೂ ಕೂಡಿಸಿ ಒತ್ತಿ ಹಿಡಿದು, ಬಲಗೈಯಿಂದ ಇಂಜಿನ್ ಶುರು ಮಾಡುವ ಹಗ್ಗ ಜಗ್ಗಬೇಕು. ಸರಳು ಸಡಿಲಾದರೆ ಒಳಗೆ ಬ್ರೇಕ್ ಬಿದ್ದು ಹಗ್ಗ ಬಿಗಿಯಾಗುತ್ತದೆ, ಓಡುತ್ತಿದ್ದ ಇಂಜಿನ್ನೂ ನಿಲ್ಲುತ್ತದೆ.

ಅವತ್ತು ಖಂಡೆ ಪೂಜೆಯ, ಅಂದರೆ ದಸರೆಯ ಆಯುಧ ಪೂಜೆಯ, ಮರುದಿನ. ಹಗ್ಗ ಒಂದು ಗೇಣೂ ಬರಲಿಲ್ಲ. ಜಗ್ಗಿ ಜಗ್ಗಿ ಅವರ ಬನಿಯನ್ ತೋಯ್ದು ಹೋಯಿತು.

“ಪೂಜಿ ಅಂತ ಮಷೀನಿಗೆ ನೀರ ಹೊಯ್ದಿ. ಈಗ ನೋಡು, ಹಿಡಕೊಂಡ ಕುಂತೈತಿ.”

“ನಾ ಏನ್ ಅದರ ಹೊಟ್ಯಾಗ ಹೊಯ್ದೇನೇನ್ರಿ?” ಎಂದು ನಾನೂ ರೇಗಿದೆ.

ಪ್ಲಗ್ ಬಿಚ್ಚಿ ಒರೆಸಿದರು. ಆಯಿಲ್ ನೋಡಿದರು. ಬ್ಲೇಡಿಗೆ ಹುಲ್ಲು ಸುತ್ತಿದೆಯೇನೋ ಎಂದು ಬಗ್ಗಿ ನೋಡಿದರು. ಕಡೆಗೆ ಸಿಕ್ಕಿದ್ದು ಪೂಜೆಗೆಂದು ನಾನು ಹಿಡಿಕೆಗೆ ಸುತ್ತಿದ್ದ ಚೆಂಡು ಹೂವಿನ ಮಾಲೆ. ಅದರ ದಾರ ಹಿಡಿಕೆಗೂ ಸರಳಿಗೂ ನಡುವೆ ಸಿಕ್ಕಿಬಿದ್ದಿತ್ತು.

“ಅಯ್ಯ ಶಿವನ, ಇಷ್ಟಕ್ಕ ಇಷ್ಟೊತ್ತು!” ಎಂದು ಇಬ್ಬರೂ ನಕ್ಕೆವು. ಮಾಲೆ ಹರಿದು ಹಾಕಿದೆ. ಅವರು ಮತ್ತೆ ಜಗ್ಗಿದರು. ಹಗ್ಗ ಅಷ್ಟೇ ಬಿಗಿ.

ಆಗ ನಾನು ಅವರ ಎಡಗೈ ನೋಡಿದೆ. ಬೆರಳುಗಳು ಸರಳಿನ ಮೇಲೆ ಸುಮ್ಮನೆ ಒರಗಿಕೊಂಡಿದ್ದವು, ಒತ್ತುತ್ತಿರಲಿಲ್ಲ.

“ಗಟ್ಟಿ ಹಿಡೀರಿ.”

“ಹಿಡಿದೇನಲ್ಲ.”

“ಹಿಡಿದಿಲ್ರಿ.”

ಅವರು ತಮ್ಮ ಕೈಯನ್ನೇ ನೋಡಿಕೊಂಡರು. ಅವರ ಬೆರಳುಗಳ ಮೇಲೆ ನನ್ನ ಕೈಯಿಟ್ಟು ಒತ್ತಿದೆ. “ಈಗ ಜಗ್ರಿ,” ಎಂದೆ. ಇಂಜಿನ್ ಒಂದೇ ಎಳೆತಕ್ಕೆ ಶುರುವಾಯಿತು. ಶುರುವಾಗದಿದ್ದರೆ ಚಲೋ ಇತ್ತು ಅನ್ನಿಸಿತು ನನಗೆ.

ಧಾರವಾಡದ ಡಾಕ್ಟರು ನರದ ಬೇನೆ ಎಂದರು, ಔಷಧವಿಲ್ಲ ಎಂದೂ ಹೇಳಿದರು. ಆದರೂ ಹುಲ್ಲು ಬಿಡಲಿಲ್ಲ ಆ ಮನುಷ್ಯ. ಅವರ ಕೈ ಮೇಲೆ ನನ್ನ ಕೈ, ಹಾಗೆಯೇ ಇಬ್ಬರೂ ಕೂಡಿ ಅಂಗಳವೆಲ್ಲ ತಳ್ಳುತ್ತಿದ್ದೆವು. ಬೀದಿಯವರು ನಗುತ್ತಿದ್ದರು. “ನಗಲಿ ತಗೋ. ಮದಿವ್ಯಾಗೂ ನೀ ಇಷ್ಟ ಗಟ್ಟಿ ಕೈ ಹಿಡಿದಿರಲಿಲ್ಲ,” ಎನ್ನುತ್ತಿದ್ದರು. ಆಮೇಲೆ ಬಲಗೈಯೂ ಹೋಯಿತು. ಆಮೇಲೆ ಅವರೇ ಹೋದರು.

ಈ ಮಳೆಗಾಲದಲ್ಲಿ ಹುಲ್ಲು ಮೊಣಕಾಲುದ್ದ ಬೆಳೆಯಿತು. “ಅಕ್ಕಾರ, ನಮ್ಮ ಎಮ್ಮಿ ಬಿಡ್ಲೇನ್ರಿ?” ಎಂದು ಪಕ್ಕದ ಮನೆಯಾಕೆ ಕೇಳಿದಳು. ಇಷ್ಟು ವರ್ಷ ನಾನೇ ಆಡಿದ ಮಾತು, ಆದರೂ ಅವಳ ಮೇಲೆ ಹರಿಹಾಯ್ದೆ. ಕುಡಗೋಲಿನಿಂದ ಉದ್ದನೆಯದನ್ನು ಕೊಯ್ದು ಅವಳ ಎಮ್ಮೆಗೇ ಕೊಟ್ಟು, ಉಳಿದದ್ದಕ್ಕೆ ಮಷೀನು ಹೊರಗೆ ತಂದೆ.

ಸರಳು ಒತ್ತಿದೆ. ಅಂಗೈ ಕೆಳಗೆ ಬರೀ ಕಬ್ಬಿಣ. ಹಗ್ಗ ಜಗ್ಗಿದೆ, ಸಲೀಸಾಗಿ ಬಂತು.

“ರೀ, ಚಾಲೂ ಆತ ನೋಡ್ರಿ!” ಎಂದು ಕೂಗಿಬಿಟ್ಟೆ.

ಕೈ ಬಿಟ್ಟರೆ ಬಂದ್ ಆದೀತೆಂದು ಕಣ್ಣೂ ಒರೆಸಿಕೊಳ್ಳದೆ, ಕಂಪೌಂಡಿನವರೆಗೆ ಅಳುತ್ತಲೇ ತಳ್ಳಿಕೊಂಡು ಹೋದೆ.