ಮರಳಿನ ಮೇಲೆ ಹತ್ತಿಹೂವು

ನಾಗಭೂಷಣನ ಹೆಸರು ಕೇಳಿದರೆ ಸಾಕು, ಸರ್ವಮಂಗಳಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು? ಆನೆಕೊಂಡದ ಅವಳ ಶೆಡ್ಡಿನಲ್ಲಿ ಪರದೆ ಬಟ್ಟೆಗೆ ಅಚ್ಚು ಹಾಕುವುದನ್ನು ಕಲಿತವನು, ಅವಳ ಕೈಯ ರೊಟ್ಟಿ ತಿಂದವನು, ಕೆ.ಬಿ. ಬಡಾವಣೆಯಲ್ಲಿ ಸ್ವಂತ ಅಂಗಡಿ ತೆರೆದದ್ದೇ ತಡ, ಅವಳ ಗಿಣಿಸಾಲಿನ ಪರದೆಯನ್ನು ಕೊಕ್ಕು ಸಮೇತ ನಕಲು ಹೊಡೆದು ಮಾರಿದ್ದ. ಕೇಳಲು ಹೋದರೆ, "ಗಿಣಿ ಏನ್ ನಿಮ್ಮಪ್ಪಂದೇನ್ರಿ?" ಎಂದು ಗಿರಾಕಿಗಳೆದುರಿಗೇ ನಕ್ಕಿದ್ದ. ಅವತ್ತಿನಿಂದ ಅವಳು ಆ ರಸ್ತೆಗೆ ಹೋದಾಗಲೆಲ್ಲ ಅವನ ಅಂಗಡಿಯ ಕಡೆ ಕ್ಯಾಕರಿಸಿ ಉಗುಳದೆ ಮುಂದೆ ಹೋಗುತ್ತಿರಲಿಲ್ಲ.

ಬಾಯಿ ಕೆಟ್ಟ ಹೆಂಗಸು ಎಂದು ಊರು ಆಡಿಕೊಳ್ಳುತ್ತಿತ್ತು. ಆಡಿಕೊಳ್ಳುವವರ ಕಿಟಕಿಗಳಲ್ಲೆಲ್ಲ ಅವಳದೇ ಪರದೆ! ಗಂಡ ತೀರಿಕೊಂಡ ಮೇಲೆ, ಶೆಡ್ಡು ಮುಚ್ಚು ಎಂದು ಬುದ್ಧಿ ಹೇಳಲು ಬಂದ ಮೈದುನರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದವಳು ಅವಳು. ಹೂವು, ಎಲೆ, ಹಕ್ಕಿ, ಯಾವುದಾದರೂ ಅವಳೇ ಬರೆಯಬೇಕು. ಬೇರೆಯವರ ಗೆರೆ ಅವಳ ಕಣ್ಣಿಗೆ ಹಿಡಿಸುತ್ತಲೇ ಇರಲಿಲ್ಲ.

ತೊಂಬತ್ತೆಂಟರ ಸಂಕ್ರಾಂತಿಯ ಹೊತ್ತಿಗೆ ಹತ್ತಿಹೂವು ಬರೆದಳು. ಹತ್ತಿಯಿಂದಲೇ ಹೆಸರಾದ ದಾವಣಗೆರೆಯಲ್ಲಿ ಹತ್ತಿಯ ಗಿಡವನ್ನು ಬಟ್ಟೆಯ ಮೇಲೆ ತರಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹಳದಿ ಹೂವು, ಪಕ್ಕದಲ್ಲೇ ಒಡೆದ ಬಿಳಿ ಕಾಯಿ, ನಡುವೆ ಬಳುಕುವ ದಂಟು. ಬರೆದು ಮುಗಿಸಿದಾಗ ಅವಳಿಗೇ ಕಣ್ಣು ತುಂಬಿ ಬಂದಿತ್ತು.

ಹೊಸ ಅಚ್ಚಿನ ಮೊದಲ ಬಟ್ಟೆಗಳನ್ನು ಹರಿಹರದ ಹೊಳೆಯಲ್ಲಿ ತೊಳೆದು, ಸೇತುವೆಯ ಕೆಳಗಿನ ಮರಳಿನ ಮೇಲೆ ಹಾಸುವುದು ಅಚ್ಚಿನವರ ರೂಢಿ. ಮೇಲೆ ಹೋಗುವವರು ನಿಂತು ಬಗ್ಗಿ ನೋಡಿದರೆ ವಿನ್ಯಾಸ ಗೆದ್ದಿತು. ತಲೆ ತಿರುಗಿಸದೆ ಹೋದರೆ ಅಚ್ಚನ್ನು ಅಟ್ಟಕ್ಕೆ ಎಸೆಯಬೇಕು. ಬಟ್ಟೆ ತೊಳೆಯುವ ಸುಗ್ರಾಬಿ ಹತ್ತಿಹೂವನ್ನು ಹಾಸಿದ ದಿನ ಸೇತುವೆಯ ಮೇಲೆ ಬಸ್ಸೇ ನಿಂತಿತ್ತು.

ಆ ಸಂತೋಷದ ಬೆನ್ನಿಗೇ ಹೆದರಿಕೆ ಹತ್ತಿತು. ಗಿಣಿಯನ್ನು ಕದ್ದವನು ಹೂವನ್ನು ಬಿಡುತ್ತಾನೆಯೇ? ವಕೀಲ ಮುರುಗೇಶಪ್ಪನವರಲ್ಲಿಗೆ ಹೋದಳು. ಕಲ್ಕತ್ತೆಯ ಸರ್ಕಾರಿ ಕಚೇರಿಯಲ್ಲಿ ವಿನ್ಯಾಸವನ್ನು ನೋಂದಾಯಿಸಿದರೆ ಯಾರೂ ಮುಟ್ಟುವಂತಿಲ್ಲ ಎಂದರು ಅವರು.

"ಆದ್ರ ಹೊಸದಾಗಿರಬೇಕು ನೋಡ್ರಿ. ಹೊರಗ ಯಾರಿಗಾದ್ರೂ ತೋರ್ಸೀರೇನು?"

"ಯಾರಿಗ್ ತೋರ್ಸಲಿ? ಇನ್ನೂ ಒಂದು ಮೊಳ ಮಾರಿಲ್ಲ."

ಅವಳು ಸುಳ್ಳು ಹೇಳಿರಲಿಲ್ಲ. ತೊಳೆದ ಬಟ್ಟೆಯನ್ನು ಒಣಗಿಸುವುದಕ್ಕೆ ತೋರಿಸುವುದು ಎಂದು ಯಾರಾದರೂ ಅನ್ನುತ್ತಾರೆಯೇ? ಕಲ್ಕತ್ತೆಯಿಂದ ಮೊಹರು ಒತ್ತಿದ ಪತ್ರ ಬಂತು. ದೀಪಾವಳಿಗೆ ನಾಗಭೂಷಣನ ಅಂಗಡಿಯಲ್ಲಿ ಹತ್ತಿಹೂವು ತೂಗಾಡಿತು. ಅವಳಿಗೆ ಬೇಕಾದದ್ದೂ ಅದೇ. ಈ ಸಲ ಅವನನ್ನು ನಾಲ್ಕು ಜನರ ಮುಂದೆ ಕಳ್ಳ ಅನ್ನಿಸಿಯೇ ತೀರುತ್ತೇನೆಂದು ಕೋರ್ಟಿಗೆ ಎಳೆದಳು.

ನಾಚಿಕೆಗೆಟ್ಟವನು ಕಟಕಟೆಯಲ್ಲಿ ಪ್ರಮಾಣ ಮಾಡಿ, ಹತ್ತಿಹೂವು ತಾನೇ ಬರೆದದ್ದು, ಅದನ್ನು ಕದ್ದವಳು ಇವಳೇ ಎಂದುಬಿಟ್ಟ. ಆಮೇಲೆ ಇವಳ ಸರದಿ. ಅವನ ವಕೀಲನ ನಾಲಿಗೆ ಬೆಲ್ಲ.

"ಈ ಹೂವು ನಿಮ್ದೇ ಅನ್ನೋಕೆ ಸಾಕ್ಷಿ ಏನೈತ್ರಿ ಅಮ್ಮಾ? ಇವರದ್ದು ನೋಡಿ ನೀವೇ ಬರ್ದಿರಬಹುದಲ್ಲ?"

ಅವಳ ನೆತ್ತಿಗೆ ರಕ್ತ ಏರಿತು. "ಸಾಕ್ಷಿ? ಇಡೀ ಹರಿಹರ ಸಾಕ್ಷಿ ಐತೆ! ಮರಳಿನ ಮ್ಯಾಲ ಹಾಸಿದಾಗ ಬಸ್ಸು ನಿಂತು, ಜನ ಇಳಿದು ನೋಡ್ಯಾರ. ಈ ಕಳ್ಳನೂ ಅಲ್ಲೇ ಬಾಯಿ ಬಿಟ್ಕೊಂಡು ನಿಂತಿದ್ದ!"

ಮುರುಗೇಶಪ್ಪ ಕುರ್ಚಿಯಿಂದ ಅರ್ಧ ಎದ್ದರು. ಆ ವಕೀಲ ಮಾತ್ರ ಅವಸರ ಮಾಡಲಿಲ್ಲ.

"ಅದು ಯಾವಾಗಮ್ಮಾ?"

"ಶಿವರಾತ್ರಿಗೆ ಮೊದ್ಲು."

"ಮತ್ತೆ ಕಲ್ಕತ್ತೆಗೆ ಅರ್ಜಿ ಹಾಕಿದ್ದು?"

"ಯುಗಾದಿ ಆದ ಮ್ಯಾಲೆ. ಅಷ್ಟ್ ಮೊದ್ಲೇ ಅದು ನಂದು ಅಂತ ಹೇಳಾಕ ಹತ್ತೀನಿ!"

ವಕೀಲ ಕೈಮುಗಿದು ಕುಳಿತುಕೊಂಡ. ತೀರ್ಪು ಬಂದಾಗ ಅವಳ ಮಾತನ್ನೇ ನ್ಯಾಯಾಧೀಶರು ನಂಬಿದ್ದರು. ಹೂವು ಬರೆದವಳು ಅವಳೇ, ನಾಗಭೂಷಣ ಹೇಳಿದ್ದು ಸುಳ್ಳು. ಆದರೆ ನೋಂದಣಿಗೆ ಮೊದಲೇ ಊರೆಲ್ಲ ನೋಡಿದ ವಿನ್ಯಾಸ ಹೊಸದಲ್ಲ. ಆದ್ದರಿಂದ ಯಾರು ಬೇಕಾದರೂ ಅಚ್ಚು ಹಾಕಬಹುದು. ಹೊರಗೆ ಬಂದ ನಾಗಭೂಷಣ, "ನಿಮ್ದೇ ಅಂತ ಕೋರ್ಟೇ ಹೇಳ್ತಲ್ರಿ, ಖುಷಿ ಪಡ್ರಿ" ಎಂದ. ಅವಳು ಚಪ್ಪಲಿ ಕೈಗೆ ತೆಗೆದುಕೊಂಡಳು. ಮುರುಗೇಶಪ್ಪ ಅಡ್ಡ ಬರದಿದ್ದರೆ ಅವತ್ತೇ ಇನ್ನೊಂದು ಕೇಸಾಗುತ್ತಿತ್ತು.

ಮುಂದಿನ ವಿನ್ಯಾಸ ಹುಣಸೆ ಎಲೆ. ಈ ಸಲ ಕಲ್ಕತ್ತೆಯ ಪತ್ರ ಕೈಗೆ ಬರುವವರೆಗೆ ಒಂದು ತುಂಡನ್ನೂ ಶೆಡ್ಡಿನಿಂದ ಹೊರಗೆ ಬಿಡಲಿಲ್ಲ. ತಗಡಿನ ಮಾಡಿನ ಕೆಳಗೆ, ಕಿಟಕಿ ಮುಚ್ಚಿ ಒಣಗಿಸಿದಳು. "ಯಾಕಮ್ಮಾ, ಹೊಳಿ ಕಡಿ ಬರಾದೇ ಬಿಟ್ರಿ?" ಎಂದು ಕೇಳಿಕೊಂಡು ಬಂದ ಸುಗ್ರಾಬಿಗೆ, "ನಿನ್ ಹೊಳೀನೇ ನನ್ ಮನಿ ಹಾಳ್ ಮಾಡಿದ್ದು, ನಡೀ" ಎಂದು ಗದರಿದಳು. ಪತ್ರ ಬಂದ ಮೇಲೆ, ನಾಗಭೂಷಣನ ಅಂಗಡಿಯ ಎದುರಿನ ಮಾಲತೇಶಪ್ಪನ ಅಂಗಡಿಗೇ ಬೇಕೆಂತಲೇ ಬಟ್ಟೆ ಕೊಟ್ಟು ಕಾದಳು. ಕದಿಯಲಿ, ಈ ಸಲ ಕದಿಯಲಿ ಎಂದು ದೇವರಿಗೆ ಹರಕೆ ಹೊತ್ತುಕೊಂಡಳು.

ಶ್ರಾವಣ ಕಳೆಯಿತು, ದೀಪಾವಳಿಯೂ ಕಳೆಯಿತು. ತಡೆಯಲಾರದೆ ಮಾಲತೇಶಪ್ಪನನ್ನು ಕೇಳಿದಳು. "ಆ ಕಳ್ಳ ಬಂದಿದ್ನಾ? ನೋಡಿದ್ನಾ?"

"ಕೈಯಾಗ ಹಿಡಿದು ನೋಡಿದ್ರಮ್ಮಾ."

"ಏನಂದ?"

ಮಾಲತೇಶಪ್ಪ ಬೇರೆಲ್ಲೋ ನೋಡಿದ. "ಏನೂ ಅನ್ಲಿಲ್ಲ. ಮಡಚಿ ಇಟ್ಟು ಹೋದ್ರು. ಗಿರಾಕಿಗಳೂ ಹಂಗ ಮಡಚಿಟ್ಟು ಹೋಗ್ತಾರ್ರಿ."

ಸರ್ವಮಂಗಳಮ್ಮ ರಸ್ತೆ ದಾಟಿದಳು. ಉಗುಳಲಿಲ್ಲ. ಎಷ್ಟೋ ವರ್ಷಗಳ ನಂತರ ನೇರ ಅವನ ಅಂಗಡಿಯೊಳಗೆ ನುಗ್ಗಿ, ತೂಗುಬಿಟ್ಟ ಹತ್ತಿಹೂವುಗಳ ನಡುವೆ ನಿಂತು ಕಿರುಚಿದಳು.

"ಯಾಕೋ, ನನ್ ಹುಣಸಿ ಎಲಿ ಕದಿಯಾಕ ಏನ್ ಬ್ಯಾನಿ ಬಂದೈತೋ ನಿಂಗ?"

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಈ ಸಲ ನಾಗಭೂಷಣ ನಗಲಿಲ್ಲ.